ಗುಂಡು ಹಾರಿಸುತ್ತಿದ್ದ ಮೋಟಾರು

ಮೋಟಾರು ಇರುವ ಮನೆಯವರಿಗೆ ಬೆಚ್ಚಿಬೀಳಲು ಬೇರೆ ಕಾರಣ ಬೇಕಾಗುವುದಿಲ್ಲ. ನಾನು ಆದೋನಿಯ ಹತ್ತಿ ಸಾಹುಕಾರರೊಬ್ಬರಲ್ಲಿ ಮೊದಲು ಬಂಡಿ ಹೊಡೆಯುತ್ತಿದ್ದೆ. ಅವರು ಮೋಟಾರು ಕೊಂಡ ಮೇಲೆ ಡ್ರೈವರ್ ಆದೆ. ಎತ್ತುಗಳು ನನ್ನನ್ನು ಎಂದೂ ಅಷ್ಟು ಹೆದರಿಸಿರಲಿಲ್ಲ.

ಸಾಹುಕಾರರ ಎದೆಯ ಮೇಲೆ ಲಿಂಗ, ಸೊಂಟದ ಉಡದಾರದಲ್ಲಿ ಹನ್ನೊಂದು ಕೀಲಿಗಳ ಗೊಂಚಲು. ಎರಡೂ ಅವರ ಮೈ ಬಿಟ್ಟು ಅಗಲಿದ್ದನ್ನು ಯಾರೂ ಕಂಡಿರಲಿಲ್ಲ. ಮೋಟಾರಿನ ಕೀಲಿಗೆ ಮಾತ್ರ ದಾರ ಒಂದಿಷ್ಟು ಉದ್ದ. ನಾನು ಮುಂದೆ ನಿಂತು ಹ್ಯಾಂಡಲ್ ತಿರುವುತ್ತಿರಬೇಕು; ಅವರು ಒಳಗೆ ಕೂತು, ಗೊಂಚಲಿನಲ್ಲಿ ಕೀಲಿ ಹುಡುಕಿ, ಬಾಗಿ ಹಾಕಬೇಕು. ಹಾಕಿದ ಕೂಡಲೇ ಮೋಟಾರು ಧಡಾರ್ ಎನ್ನುತ್ತಿತ್ತು.

೧. ಟುವಾಲಿನ ಕೆಳಗೆ

ಮೊದಲ ಸಲ ಅದು ಸಿಡಿದದ್ದು ಹತ್ತಿ ಅಂಗಡಿಯ ಮುಂದೆ. ಒಳಗೆ ನಮ್ಮ ದಲ್ಲಾಳಿ ದೇವನಕೊಂಡದ ರೈತನೊಬ್ಬನ ಜೊತೆ ವ್ಯಾಪಾರಕ್ಕೆ ಕೂತಿದ್ದ. ನಮ್ಮಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟುವಾಲಿನ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ; ಬೆರಳು ಹೆಚ್ಚಿದಷ್ಟೂ ಬೆಲೆ ಹೆಚ್ಚು. ಎರಡು ಬೆರಳು ಹಿಡಿದಿದ್ದ ದಲ್ಲಾಳಿ ಮೂರಕ್ಕೆ ಹೋಗಲೋ ಬೇಡವೋ ಎಂದು ಯೋಚಿಸುತ್ತಿದ್ದಾಗ ಧಡಾರ್! ಬೆಚ್ಚಿಬಿದ್ದವನು ರೈತನ ಐದೂ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಬಿಟ್ಟ.

“ಮಾತು ಆತ್ರಿ ಸಾವ್ಕಾರ್ರೆ, ಐದೂ ಹಿಡದಾನ,” ಎಂದ ರೈತ, ಮೋಟಾರಿನಿಂದ ಇಳಿದು ಒಳಗೆ ಬಂದ ಸಾಹುಕಾರರಿಗೆ.

“ಅಂವ ಹೆದರಿ ಹಿಡದಾನೋ!”

“ಹೆದರಿ ಹಿಡದ್ರೂ ಬೆರಳು ಅವನಽರಿ.”

ಟುವಾಲಿನ ಕೆಳಗೆ ಆದ ಮಾತನ್ನು ಸಾಹುಕಾರರೂ ಮುರಿಯುವಂತಿರಲಿಲ್ಲ. ಹೋಗುವಾಗ ರೈತ ನನ್ನನ್ನು ಪಕ್ಕಕ್ಕೆ ಕರೆದ.

“ಅಣ್ಣಾ, ಸೋಮವಾರ ಮತ್ತೊಂದು ಬಂಡಿ ತರ್ತೀನಿ. ಮೋಟರ್ ಎಷ್ಟೊತ್ತಿಗೆ ತೆಗೀತಿಯಪಾ?”

೨. ಹತ್ತಿಯ ಮದ್ದು

“ಕಿವಿಗೆ ಹತ್ತಿ, ಗಾಯಕ್ಕ ಹತ್ತಿ, ದೀಪಕ್ಕ ಹತ್ತಿ. ಇದಕ್ಯಾಕ ಆಗಂಗಿಲ್ಲ?” ಎಂದು ಸಾಹುಕಾರರು ಹಿಂದಿನ ಹೊಗೆ ಕೊಳವೆಗೆ ಎರಡು ಹಿಡಿ ಹತ್ತಿ ತುರುಕಿಸಿದರು. ನಾನು ತಿರುವಿದೆ. ಅವರು ಹುಡುಕಿ ಕೀಲಿ ಹಾಕಿದರು. ಸದ್ದು ಕಡಿಮೆಯಾಗಲಿಲ್ಲ, ಅದಕ್ಕೊಂದು ಗುಂಡು ಸಿಕ್ಕಂತಾಯಿತು. ಹೊಗೆಯಾಡುವ ಹತ್ತಿಯುಂಡೆ ಬೀದಿ ದಾಟಿ, ನೀರು ಹೊತ್ತು ಬರುತ್ತಿದ್ದ ಹೆಂಗಸೊಬ್ಬಳ ಕೊಡದೊಳಗೆ ಬಿದ್ದು ಚುಸ್ ಎಂದಿತು.

ಆಕೆಯ ಮನೆಯ ಹತ್ತಿಯನ್ನು ಹೋದ ವಾರವಷ್ಟೇ ಸಾಹುಕಾರರು ತೊಯ್ದಿದೆ ಎಂದು ಹಿಂದಕ್ಕೆ ಕಳಿಸಿದ್ದರು. ಆಕೆ ಕೊಡ ಇಳಿಸಿ, ಉಂಡೆಯನ್ನು ತೆಗೆದು, ಹಿಂಡಿ, ಮೂಸಿ ನೋಡಿದಳು.

“ತೊಯ್ದೈತಲ್ರೀ ಯಪ್ಪಾ. ಇಂಥಾದ್ದು ನಾವು ತಗಳಂಗಿಲ್ಲ. ವಾಪಸ್ ಒಯ್ರಿ.”

೩. ಮೇಸ್ತ್ರಿಯ ಪರೀಕ್ಷೆ

ಇನ್ನು ನಾಲ್ಕು ದಿನಕ್ಕೆ ಸಾಹುಕಾರರು ಮಗನ ಸಂಬಂಧ ಗಟ್ಟಿ ಮಾಡಲು ಪತ್ತಿಕೊಂಡಕ್ಕೆ ಹೋಗಬೇಕಿತ್ತು. “ಬೀಗರ ಮನಿ ಮುಂದ ಇದು ಹಿಂಗ ಒದರಿತಂದ್ರ, ನಿನ್ನ ಕೈಗೆ ಮತ್ತ ಬಾರಕೋಲು,” ಎಂದು ನನಗೆ ಹೇಳಿಬಿಟ್ಟರು.

ಎಮ್ಮಿಗನೂರಿನಿಂದ ಬಸ್ಸಿನ ಮೇಸ್ತ್ರಿಯನ್ನು ಕರೆತಂದೆ. ಆತ ಸಾಹುಕಾರರನ್ನು ಮೊದಲೇ ಒಳಗೆ ಕೂಡಿಸಿ, ಕೀಲಿ ಹಾಕಿಸಿ, ಆಮೇಲೆ ಹ್ಯಾಂಡಲ್ ತಿರುವಿದ. ನಿಲ್ಲಿಸಿ ನಿಲ್ಲಿಸಿ ಹತ್ತು ಸಲ ತಿರುವಿದ; ಪ್ರತಿ ಸಲವೂ ಮೋಟಾರು ಎದ್ದಿತು, ಧಡಾರ್ ಮಾತ್ರ ಇಲ್ಲ. “ಅರೆ ಭಾಯ್, ಗಾಡಿ ಬರೋಬರ್ ಐತಿ,” ಎಂದು ಬೀದಿಯ ತಿರುವಿನವರೆಗೆ ಹೋಗಿದ್ದ. ಅಷ್ಟರಲ್ಲಿ ನಾವು ಅಂಗಡಿಗೆ ಹೊರಟೆವು. ಧಡಾರ್!

ಮೇಸ್ತ್ರಿ ಓಡಿ ಬಂದು ನನ್ನ ಕಿವಿಯಲ್ಲಿ ಕೇಳಿದ: “ಈಗೇನು ಮಾಡ್ದಿ?”

“ಹ್ಯಾಂಡಲ್ ತಿರುವಿದೆ.”

“ಅವರು?”

“ಕೀಲಿ ಹುಡುಕ್ತಿದ್ರು.”

“ಅಷ್ಟಽ! ಕೀಲಿ ಹಾಕದಽ ತಿರುವಿದ್ರ ಪೆಟ್ರೋಲ್ ಉರೀದಽ ಕೊಳವಿಗೆ ಹೋಗಿ ತುಂಬ್ಕಂತೈತಿ. ಆಮ್ಯಾಲೆ ಕೀಲಿ ಹಾಕಿದ್ರ ಅಷ್ಟೂ ಒಮ್ಮಿಗೇ ಹತ್ತೈತಿ. ಮೊದಲು ಕೀಲಿ, ಆಮ್ಯಾಲೆ ಹ್ಯಾಂಡಲ್.”

“ಅದನ್ನ ಅವರಿಗೆ ನೀನಽ ಹೇಳಪಾ.”

“ನಾನು ಮೋಟರ್ ಮೇಸ್ತ್ರಿ, ಭಾಯ್. ಸಾವ್ಕಾರ್ರನ್ನ ರಿಪೇರಿ ಮಾಡಂಗಿಲ್ಲ.”

೪. ಪತ್ತಿಕೊಂಡದಲ್ಲಿ

ಮಾತುಕತೆ ಮುಗಿದಿತ್ತು. ಆದರೆ ತಾಂಬೂಲ ಇನ್ನೂ ತಟ್ಟೆಯಲ್ಲೇ ಇತ್ತು. ಹುಡುಗಿಯ ಅಜ್ಜಿ “ಯೋಚನಿ ಮಾಡಿ ಹೇಳ್ತೀನಿ” ಎಂದಿದ್ದಳು. ಬೀಳ್ಕೊಡಲು ಮನೆಮಂದಿಯೆಲ್ಲ ಬಾಗಿಲಿಗೆ ಬಂದರು. ಸಾಹುಕಾರರು ಮಗನನ್ನು ಮೋಟಾರಿನ ಹಿಂದಿನ ಸೀಟಿನಲ್ಲಿ ಕೂಡಿಸಿ, ತಾವು ಮುಂದೆ ಕೂತು ಗೊಂಚಲು ತಡಕತೊಡಗಿದರು.

“ತಿರುವೋ.”

ನಾನು ಹ್ಯಾಂಡಲ್ ಮುಟ್ಟಲಿಲ್ಲ. “ಮೊದಲು ಕೀಲಿ ಹಾಕ್ರಿ.”

“ಮೊದಲು ನೀ ತಿರುವು. ಅದು ಏಳದಿದ್ರ ಸುಮ್ನ ಕೀಲಿ ಯಾಕ ಸವಸ್ಲಿ?”

“ಮೊದಲು ಕೀಲಿ ಹಾಕಿದ್ರ ಗುಂಡು ಹಾರಂಗಿಲ್ರಿ.”

ಗುಂಡು ಎಂದ ಕೂಡಲೇ ಹೆಣ್ಣಿನ ಕಡೆಯವರು ಕಿವಿ ಮುಚ್ಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಅಜ್ಜಿ ಎರಡು ಹೆಜ್ಜೆ ಮುಂದೆ ಬಂದು, ಸಾಹುಕಾರರ ಸೊಂಟದಿಂದ ಕೈಯಲ್ಲಿದ್ದ ಕೀಲಿಗೆ ಹೋಗುವ ದಾರವನ್ನು ಬಹಳ ಹೊತ್ತು ನೋಡಿದಳು.

“ಬೀಗರೆ, ಆ ಕೀಲಿ ಬಿಚ್ಚಿ ಅವನ ಕೈಯಾಗ ಕೊಡ್ರಿ.”

“ಡ್ರೈವರ್ ಕೈಯಾಗಾ?” ಸಾಹುಕಾರರು ಗೊಂಚಲನ್ನು ಮುಷ್ಟಿಯಲ್ಲಿ ಬಿಗಿಹಿಡಿದರು.

“ಮೋಟರ್ ನಡೆಸವ್ನಿಗೆ ಮೋಟರ್ ಕೀಲಿ ಕೊಡಲಾರದವ್ರು, ನಮ್ಮ ಹುಡುಗಿಗೆ ಅಡಿಗಿ ಮನಿ ಕೀಲಿ ಕೊಡ್ತೀರಾ? ಬಿಚ್ಚಿದ್ರ ತಾಂಬೂಲ. ಇಲ್ಲಾಂದ್ರ ನಮಸ್ಕಾರ.”

ಸಾಹುಕಾರರು ಮಗನನ್ನು ನೋಡಿದರು, ತಾಂಬೂಲದ ತಟ್ಟೆಯನ್ನು ನೋಡಿದರು, ಗಂಟು ಬಿಚ್ಚಿದರು. ಕೀಲಿ ನನ್ನ ಕೈಗೆ ಬಂದಾಗ ಬೆಚ್ಚಗಿತ್ತು. ಹಾಕಿದೆ, ಮುಂದೆ ಹೋಗಿ ತಿರುವಿದೆ. ಮೋಟಾರು ಗುರ್ ಎಂದಿತು, ಅಷ್ಟೇ. ಧಡಾರ್ ಎನ್ನದಿದ್ದುದಕ್ಕೆ ಎಲ್ಲರಿಗಿಂತ ಹೆಚ್ಚು ಬೆಚ್ಚಿಬಿದ್ದವರು ಸಾಹುಕಾರರು. ಅಜ್ಜಿ ತಾಂಬೂಲ ಕೊಟ್ಟಳು.

ದಾರಿಯುದ್ದಕ್ಕೂ ಸಾಹುಕಾರರು ನನ್ನ ಅಂಗಿಯ ಚುಂಗನ್ನು ಹಿಡಿದುಕೊಂಡೇ ಕೂತಿದ್ದರು.

“ಯಾಕ್ರಿ?” ಎಂದೆ.

“ಕೀಲಿ ನಿನ್ನ ಹತ್ರ ಐತಿ. ಮೋಟರ್ ತಗಂಡು ಓಡಿ ಹೋದ್ರ?”

“ನೀವೂ ಒಳಗಽ ಅದೀರಲ್ರಿ!”

“ಅದಕ್ಕಽ ಹಿಡಕಂಡೀನಿ.”