ಮೋತಿಯ ಕೂದಲು ತೆಗೆಸಿದ ತಮ್ಮ

ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಎದುರಿಗೆ ನಿಂತವರೆಲ್ಲ ಬೆಂಚಿನ ಮೇಲೆ ಕೂತವರಂತೆ ಕಾಣುತ್ತಾರೆ. ಅವರು ಬಾಯಿ ತೆರೆದರೆ ತಪ್ಪು ಉತ್ತರವೇ ಬರುತ್ತದೆ ಎಂಬ ಖಾತ್ರಿ ಬೇರೆ. ನನಗೆ ಈ ರೋಗವಿದೆ ಎಂದು ನಮ್ಮ ಮನೆಯಾಕೆ ಮದುವೆಯಾದ ವಾರದಲ್ಲೇ ಪತ್ತೆ ಹಚ್ಚಿದ್ದಳು. ನನಗೆ ಗೊತ್ತಾಗಲು ಒಂದು ನಾಯಿ ಬೇಕಾಯಿತು.

ಸುರಪುರದ ನಮ್ಮ ಮನೆಯಲ್ಲಿ ಮೊದಲಿನಿಂದ ಇರುವವನು ಸರದಾರ, ಬೇಟೆನಾಯಿಯ ಕುಲದವನು. ಬೇಟೆಯೆಲ್ಲ ಅವನ ಅಜ್ಜನ ಕಾಲಕ್ಕೇ ಮುಗಿಯಿತು. ಇವನು ಹಲ್ಲಿ ಕಂಡರೂ ದಾರಿ ಬಿಡುತ್ತಾನೆ. ಕೂದಲು ಇದೆಯೋ ಇಲ್ಲವೋ ಎನ್ನುವಷ್ಟು ಗಿಡ್ಡ. ವಾರಕ್ಕೊಮ್ಮೆ ಹಸಿ ಬಟ್ಟೆಯಿಂದ ಒರೆಸಿದರೆ ಹಿತ್ತಾಳೆ ತಂಬಿಗೆಯಂತೆ ಹೊಳೆಯುತ್ತಾನೆ. ಇಷ್ಟರಿಂದಲೇ ನಾಯಿಗಳ ಕೂದಲಿನ ವಿಷಯದಲ್ಲಿ ನಾನೊಬ್ಬ ಪಂಡಿತ ಎಂದುಕೊಂಡಿದ್ದೆ. ಶಹಾಪುರದಲ್ಲಿದ್ದ ನಮ್ಮಕ್ಕ, ತನಗೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ, ಚಿಕಿತ್ಸೆಗೆಂದು ಹೈದರಾಬಾದಿಗೆ ಹೊರಟಳು. ಮಕ್ಕಳಿಲ್ಲದ ಅವಳಿಗೆ ಮಗಳಂತಿದ್ದದ್ದು ಮೋತಿ ಎಂಬ ಬಿಳಿ ಪೊಮೇರಿಯನ್. ಅದನ್ನೂ ಒಂದು ಉಕ್ಕಿನ ಬಾಚಣಿಗೆಯನ್ನೂ ನನ್ನ ಕೈಗಿತ್ತು, "ಮ್ಯಾಲ ಮ್ಯಾಲ ಬಾಚಬ್ಯಾಡ ತಮ್ಮಾ. ಕೂದಲ ಎತ್ತಿ ಎತ್ತಿ ಬುಡದತನಾ ಬಾಚು" ಎಂದಳು. "ನಾನು ವಾಪಸು ಬರೋತನಕ ಇದನ್ನ ಹೀಂಗೇ ಇಡು" ಎಂದೂ ಹೇಳಿದಳು.

ನಾನು ಬಾಚಿದ್ದು ಮೇಲೆ ಮೇಲೆಯೇ. ಹೊರಗಿನಿಂದ ನೋಡಿದರೆ ಅರಳಿದ ಹತ್ತಿ. ಒಳಗಿನ ಮೆತ್ತನೆಯ ಕೂದಲೆಲ್ಲ ಗಂಟು. ಗಂಟು ಸಡಿಲಾಗಲಿ ಎಂದು ಮೈ ತೊಳೆದೆ. ಬಾಚದೆ ನೀರು ಹಾಕಿದರೆ ಗಂಟು ಇನ್ನೂ ಬಿಗಿಯುತ್ತದೆ ಎಂದು ಮನೆಯಾಕೆ ಹೇಳಿದಳು, ಆದರೆ ಅವಳೂ ಬೆಂಚಿನ ಮೇಲೆ ಕೂತವಳಲ್ಲವೇ? ಎರಡು ತಿಂಗಳಲ್ಲಿ ಮೋತಿಯ ಮೈಮೇಲೆ ಒಂದು ಕಂಬಳಿಯೇ ತಯಾರಾಯಿತು. ಕಂಬಳಿ ಎಂದೊಡನೆ ನೆನಪಾದವನು ಕುರಿಗಳ ಉಣ್ಣೆ ಕತ್ತರಿಸುವ ಮಲ್ಲಪ್ಪ. ಬೇಸಿಗೆಗೆ ಮೊದಲು ಊರ ಕುರಿಗಳೆಲ್ಲ ಅವನ ಕತ್ತರಿಗೆ ಮೈಯೊಡ್ಡಿ ಹಗುರಾಗುತ್ತವೆ. ಕುರಿಗೆ ಆಗುವ ತಂಪು ನಾಯಿಗೆ ಯಾಕಾಗಬಾರದು?

ಮಲ್ಲಪ್ಪ ಮೋತಿಯ ಕೂದಲನ್ನು ಬೆರಳಿನಿಂದ ಬಿಡಿಸಿ ನೋಡಿದ. ಕತ್ತರಿ ಕೆಳಗಿಟ್ಟ. "ಬ್ಯಾಡ್ರಿ ಮಾಸ್ತರ್ರೇ. ಇದು ಕುರಿ ಉಣ್ಣಿ ಅಲ್ಲ. ಮ್ಯಾಲಿಂದು ಬ್ಯಾರೆ, ಒಳಗಿಂದು ಬ್ಯಾರೆ ಅದ. ಬಿಸಲಿಗೆ ಚರ್ಮ ಸುಡ್ತದ" ಎಂದ. ಹುಟ್ಟಿದಾಗಿನಿಂದ ಕೂದಲಿನ ನಡುವೆಯೇ ಬದುಕಿದವನ ಮಾತು ಅದು. ನಾನು ಅವನಿಗೆ ಒಂಬತ್ತನೇ ತರಗತಿಯ ಉಷ್ಣದ ಪಾಠವನ್ನು ಪೂರ್ತಿ ಹೇಳಿದೆ. ನೀವು ಓದಿದವರು ಎಂದು ಅವನು ಕತ್ತರಿ ಎತ್ತಿಕೊಂಡ.

ನಾಲ್ಕೇ ದಿನಕ್ಕೆ ಮೋತಿಯ ಬೆನ್ನು ಕೆಂಪಾಗಿ ಬೊಬ್ಬೆ ಎದ್ದಿತು. ಅನ್ನ ಬಿಟ್ಟಿತು. ಕೊಡೆ ಕಿತ್ತುಕೊಂಡು ಬಿಸಿಲಿಗೆ ಕೂಡಿಸಿದ್ದೀರಿ, ಕೂದಲು ಮತ್ತೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದರು ಪಶುವೈದ್ಯರು. ಮನೆಯಾಕೆ ನನ್ನ ಹಳೆಯ ಬನಿಯನ್ ಕತ್ತರಿಸಿ ಅದಕ್ಕೊಂದು ಅಂಗಿ ಹೊಲಿದು, ರಾತ್ರಿ ಹಗಲು ಆರೈಕೆ ಮಾಡಿ ಉಳಿಸಿದಳು. ನನ್ನ ನೆರಳು ಬಿದ್ದರೂ ಮೋತಿ ಅವಳ ಸೀರೆಯ ಹಿಂದೆ ಸರಿಯುತ್ತಿತ್ತು. ನನಗೆ ನಾಚಿಕೆಯಾಗುತ್ತಿತ್ತು, ಅದಕ್ಕಿಂತ ಹೆಚ್ಚು ಅಕ್ಕನ ಭಯ.

ಅಕ್ಕ ಬಂದ ದಿನ ಬೆಳಗಿನಿಂದ ತಪ್ಪೊಪ್ಪಿಗೆಯನ್ನು ಬಾಯಿಪಾಠ ಮಾಡಿಕೊಂಡು ಕೂತಿದ್ದೆ. ಅವಳು ಬಾಗಿಲಲ್ಲೇ ಕುಸಿದು ಕೂತು ಮೋತಿಯನ್ನು ತೊಡೆಗೆ ಎಳೆದುಕೊಂಡಳು. ಆ ಎಳೆದಾಟದಲ್ಲಿ ತಲೆಯ ಮೇಲಿನ ಸೆರಗು ಜಾರಿತು. ಚಿಕಿತ್ಸೆಗೆ ಅವಳ ಕೂದಲೆಲ್ಲ ಉದುರಿತ್ತು. ನಮಗೆ ಯಾರಿಗೂ ಹೇಳಿರಲಿಲ್ಲ. ಮೋತಿಯ ಅಂಗಿ ಸರಿಸಿ ಬೋಳು ಬೆನ್ನಿನ ಮೇಲೆ ಕೈಯಾಡಿಸಿದಳು. ನನ್ನನ್ನು ನೋಡಿದಳು. ಕಣ್ಣು ತುಂಬಿದ್ದವು.

"ನಾ ಹೇಳದಿದ್ರೂ ನಿನಗ ತಿಳೀತೇನು? ನಾ ಒಬ್ಬಾಕಿನೇ ಹಿಂಗ ಆಗಬಾರದಂತ ಇದರ ಕೂದಲಾನೂ ತಗಸೀಯೇನು ತಮ್ಮಾ?"

"ಹೂಂ ಅಕ್ಕ" ಎಂದೆ. ಮನೆಯಾಕೆ ನನ್ನ ಮುಖ ನೋಡಿ, ಚಹಾ ಇಡಲು ಒಳಗೆ ಹೋದಳು.

ನಾಳೆ ಹೇಳಿದರಾಯಿತು ಎಂದು ತಳ್ಳುತ್ತ ಹೋದೆ. ಅಕ್ಕ ಮಾತ್ರ ನೋಡಲು ಬಂದವರಿಗೆಲ್ಲ ಹೇಳುತ್ತಿದ್ದಳು: ಇಂಥ ತಮ್ಮ ಯಾರಿಗುಂಟು? ನಮ್ಮಿಬ್ಬರಲ್ಲಿ ಯಾರಿಗೆ ಮೊದಲು ಕೂದಲು ಬರುತ್ತದೋ ನೋಡೋಣ ಎಂದು ಮೋತಿಯೊಡನೆ ಪಂದ್ಯ ಕಟ್ಟಿದ್ದಳು. ಅವಳ ತಲೆಯಲ್ಲಿ ಬೂದಿ ಬಣ್ಣದ ಸಣ್ಣ ಕೂದಲು ಚಿಗುರಿತು. ಪಂದ್ಯ ಗೆದ್ದ ತಿಂಗಳಿಗೆ ತೀರಿಕೊಂಡಳು.

ಮೊನ್ನೆ ಅವಳ ವರ್ಷದ ಕಾರ್ಯಕ್ಕೆ ಯಾದಗಿರಿ, ಶಹಾಪುರದ ನೆಂಟರೆಲ್ಲ ಬಂದಿದ್ದರು. ಊಟದ ಪಂಕ್ತಿಯಲ್ಲಿ ಮತ್ತೆ ಅದೇ ಮಾತು ಬಂತು. ಒಬ್ಬ ಹಿರಿಯರು ತಮ್ಮ ಮಗನನ್ನು ಕರೆದು, ತಮ್ಮನೆಂದರೆ ಹೀಗಿರಬೇಕು ನೋಡು ಎಂದು ನನ್ನನ್ನು ತೋರಿಸಿದರು. ನಾನು ತಲೆ ತಗ್ಗಿಸಿದೆ. ಪಾಪ, ಅಕ್ಕನನ್ನು ನೆನೆದು ಎಷ್ಟು ದುಃಖಪಡುತ್ತಿದ್ದಾರೆ ಎಂದು ಪಕ್ಕದವರು ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು.