ಎತ್ತರದ ಅಳತೆಗೆ ಬರ್ತಾ ಬಾಯಿಯವರ ತೆಂಗಿನ ಮರ

ಸಂಖ್ಯೆ: ಎತ್ತರ/ತೆಂಗು/೪/೬೫-೬೬
ಮೊಕ್ಕಾಂ: ಉಡುಪಿ, ದಿನಾಂಕ ೨೨-೪-೧೯೬೫

ವಿಷಯ: ಹವ್ಯಾಸಿ ರಾಕೆಟ್ ಸಂಘಗಳ ಸ್ನೇಹಪೂರ್ವಕ ಎತ್ತರ ಸ್ಪರ್ಧೆ – ಅಳತೆಯ ಮರದಿಂದ ಕಾಯಿ ಕೊಯ್ಯುವ ಬಗ್ಗೆ.

ಉಲ್ಲೇಖ: ೧. ಸದರಿ ಮರಕ್ಕೆ ಕೈ ಹಚ್ಚಬಾರದೆಂಬ ಈ ಕಚೇರಿಯ ಹಿಂದಿನ ಸುತ್ತೋಲೆ.
೨. ಶ್ರೀಮತಿ ಬರ್ತಾ ಬಾಯಿಯವರು ಕಚೇರಿಯ ಜಗಲಿಯಲ್ಲಿ ನಿಂತು ಮಾಡಿದ ಮೌಖಿಕ ಅರ್ಜಿ.

ಸುಗ್ಗಿ ಕೊಯ್ಲು ಮುಗಿದು, ಉದ್ದು ಕಿತ್ತಾಗಿ, ಕೆಮ್ಮಣ್ಣು ಊರಿನ ಬಯಲಿನಲ್ಲಿ ಸುಡುಮಣ್ಣಿನ ರಾಶಿಗಳು ಹೊಗೆಯಾಡುತ್ತಿವೆ. ಹೆಂಗಸರು ಬುಟ್ಟಿಯಲ್ಲಿ ಗೊಬ್ಬರ ಹೊರುತ್ತಿದ್ದಾರೆ. ಗದ್ದೆ ಖಾಲಿ ಇರುವ ಈ ಅವಧಿಯಲ್ಲಿ, ಬರುವ ಭಾನುವಾರ ಇಗರ್ಜಿಯಲ್ಲಿ ಪೂಜೆ ಬಿಟ್ಟ ನಂತರ, ಕೆಮ್ಮಣ್ಣಿನ ಸಂಘವೂ (ಅಧ್ಯಕ್ಷರು: ಶ್ರೀ ರೊಸಾರಿಯೊ) ಕುಕ್ಕುಂದೂರಿನ ಸಂಘವೂ (ಅಧ್ಯಕ್ಷರು: ಶ್ರೀ ತಾರಾನಾಥ) ರಾಕೆಟ್ ಹಾರಿಸಲಿರುವುದು ಇಲಾಖೆಯ ಗಮನಕ್ಕೆ ಬಂದಿದೆ.

ಈ ಸ್ಪರ್ಧೆಯಲ್ಲಿ ಎತ್ತರವನ್ನು ತೆಂಗಿನ ಮರದ ಲೆಕ್ಕದಲ್ಲಿ ಹೇಳುವುದು ರೂಢಿ. ಕಾಯಿ ಕೊಯ್ಯುವ ಶ್ರೀ ಚೆನ್ನಪ್ಪನವರು ಮರದ ತುದಿಯಲ್ಲಿ ಕುಳಿತು, ಮೇಲೆ ನೋಡಿ, ಇಷ್ಟು ಮರ ಎಂದು ಕೂಗಿ ಹೇಳುತ್ತಾರೆ. ಕಳೆದ ವರ್ಷ ಎರಡೂ ಊರುಗಳಲ್ಲಿ ಒಂದೊಂದು ಸುತ್ತು ನಡೆದು ವಿವಾದ ಉಂಟಾಯಿತು. ಶ್ರೀ ತಾರಾನಾಥರ ಹೇಳಿಕೆಯನ್ನು ಇದ್ದ ಹಾಗೆಯೇ ದಾಖಲಿಸಲಾಗಿದೆ: "ನಮ್ಮಲ್ಲಿ ಮೂರು ಮರ ಹೋದ ರಾಕೆಟು ಇಲ್ಲಿ ಎರಡಕ್ಕೇ ನಿಂತದ್ದು ಹೇಗೆ ಮಾರಾಯ್ರೆ? ನಿಮ್ಮ ಮರ ಉದ್ದ ಬೆಳೆದದ್ದು ನಮ್ಮ ತಪ್ಪಾ?" ಶ್ರೀ ಚೆನ್ನಪ್ಪನವರ ಉತ್ತರ: "ಎರಡೇ ಉಂಟು. ಸಂಶಯ ಇದ್ದವರು ಹತ್ತಿ ನೋಡಬಹುದು." ಯಾರೂ ಹತ್ತಿರುವುದಿಲ್ಲ.

ಆದ್ದರಿಂದ ಈ ಕೆಳಗಿನಂತೆ ಆದೇಶಿಸಿದೆ:

೧. "ಒಂದು ಮರ" ಎಂದರೆ ಬಯಲಿನ ಬದಿಯಲ್ಲಿರುವ ಬರ್ತಾ ಬಾಯಿಯವರ ಹಿತ್ತಿಲಿನ ಮರ ಮಾತ್ರ. ಕಡಲ ಗಾಳಿಗೆ ಅದು ಪಡುವಣಕ್ಕೆ ಬಾಗಿರುವುದು ನಿಜ. ಬಾಗಿದ್ದಕ್ಕೆ ರಿಯಾಯಿತಿ ಇಲ್ಲ.

೨. ಕಾಯಿ ಕೊಯ್ದರೆ ಭಾರ ಇಳಿದು ಮರದ ಮಂಡೆ ಮೇಲೇಳಬಹುದೆಂದೂ, ಅದರಿಂದ ತಮ್ಮ ರಾಕೆಟ್ಟಿನ ಎತ್ತರ ಕಡಿಮೆಯಾಗುವುದೆಂದೂ ಕುಕ್ಕುಂದೂರಿನವರು ಆಕ್ಷೇಪಿಸಿದ್ದರಿಂದ, ಫಲಿತಾಂಶ ಬಂದು ಮೇಲ್ಮನವಿಯ ತಿಂಗಳು ಕಳೆಯುವವರೆಗೆ ಕಾಯಿ ಕೊಯ್ಯುವುದನ್ನು ನಿಷೇಧಿಸಲಾಗಿತ್ತು. ತಾನಾಗಿ ಬಿದ್ದ ಕಾಯಿಯನ್ನು ಮರವು ಅನುಮತಿ ಇಲ್ಲದೆ ಮಾಡಿದ ಬದಲಾವಣೆ ಎಂದು ಪರಿಗಣಿಸಲಾಗುವುದು.

೩. ತೀರ್ಪುಗಾರರು ಕತ್ತಿ ಇಲ್ಲದೆ ಮರ ಹತ್ತತಕ್ಕದ್ದೆಂದು ಹಿಂದೆ ಸೂಚಿಸಲಾಗಿತ್ತು. "ಕತ್ತಿ ಇಲ್ಲದೆ ಹತ್ತಿದರೆ ಕಾಗೆ ಸಹ ನನಗೆ ಮರ್ಯಾದೆ ಕೊಡ್ಲಿಕ್ಕಿಲ್ಲ" ಎಂಬ ಶ್ರೀ ಚೆನ್ನಪ್ಪನವರ ಅಹವಾಲು ಪರಿಶೀಲನೆಯಲ್ಲಿದೆ. ಕಾಗೆಯ ಅಭಿಪ್ರಾಯ ಕೇಳಲಾಗಿಲ್ಲ.

೪. ಮೇಲೆ ಹೋದ ರಾಕೆಟ್, ತೀರ್ಪು ಬರೆದುಕೊಂಡು ಮುಗಿಯುವ ಮೊದಲು ಕೆಳಗೆ ಬರತಕ್ಕದ್ದಲ್ಲ. ಬಂದಲ್ಲಿ ಸುಡುಮಣ್ಣಿನ ರಾಶಿಯಲ್ಲಿ ಬೀಳದಂತೆ ಸಂಬಂಧಪಟ್ಟ ಸಂಘವೇ ನೋಡಿಕೊಳ್ಳುವುದು.

೫. ಮರ ವರ್ಷವರ್ಷವೂ ಬೆಳೆಯುವುದರಿಂದ ಹಳೆಯ ಎಲ್ಲಾ ಎತ್ತರಗಳೂ ತನ್ನಿಂತಾನೇ ಇಳಿಯುತ್ತಿರುತ್ತವೆ. ಹಾಗೆ ಇಳಿದವರು ಬಹುಮಾನದಲ್ಲಿ ಅಷ್ಟು ಭಾಗವನ್ನು ಹಿಂತಿರುಗಿಸತಕ್ಕದ್ದು. ಕಳೆದ ವರ್ಷದ ಬಹುಮಾನದ ಹುಂಜವನ್ನು ಸುಕ್ಕ ಮಾಡಿ ತಿಂದು ಆಗಿರುವುದರಿಂದ ಆ ಬಾಬ್ತು ಕೈಬಿಡಲಾಗಿದೆ.

೬. ಬರ್ತಾ ಬಾಯಿಯವರ ಅರ್ಜಿ: ಅವರ ಮಗಳು ಕುಮಾರಿ ಆನಿಯ ಮದುವೆ ಬರುವ ಬುಧವಾರ. ಮುನ್ನಾದಿನ ಮಂಗಳವಾರ, ಮದುಮಗಳ ತಲೆಗೆ ತೆಂಗಿನ ಹಾಲು ಹಾಕುವ ರೋಸ್ ಶಾಸ್ತ್ರ. ಮರ ನೆಟ್ಟವರು ಆನಿಯ ದಿವಂಗತ ತಂದೆ, ಆಕೆ ಹುಟ್ಟಿದ ವರ್ಷ. ಪೇಟೆಯಿಂದ ಕಾಯಿ ತರಿಸಿಕೊಳ್ಳಬಹುದೆಂದು ಕಚೇರಿ ಸೂಚಿಸಿದಾಗ ಅವರು ಹೇಳಿದ್ದು: "ಪೇಟೆಯ ಕಾಯಿ ಹಾಕುವುದಾದರೆ ಹಾಲು ಎಂತಕ್ಕೆ, ಬಾವಿಯ ನೀರೇ ಸಾಕು ಅಲ್ವಾ? ಅವಳ ಅಪ್ಪ ಆಶೀರ್ವಾದ ಮಾಡ್ಲಿಕ್ಕೆ ಬರುವುದು ಆ ಮರದಿಂದ. ನಿಮ್ಮ ರಾಕೆಟು ಬೇಕಾದರೆ ಚಂದ್ರನಿಗೆ ಹೋಗಲಿ, ನನಗೆ ನನ್ನ ಕಾಯಿ ಕೊಡಿ." ಚಂದ್ರನ ಎತ್ತರಕ್ಕೆ ಸಂಬಂಧಿಸಿದ ಭಾಗ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.

೭. ಕೊಯ್ದ ಪ್ರತಿ ಕಾಯಿಯ ಜಾಗದಲ್ಲಿ ಅದೇ ತೂಕದ ಹೊಳೆಯ ಹೊಯಿಗೆ ತುಂಬಿದ ಮಡಕೆ ಕಟ್ಟಬಹುದೇ ಎಂದು ವಿಚಾರಿಸಲಾಯಿತು. ಶ್ರೀ ರೊಸಾರಿಯೊ ಮಡಕೆ ಒದಗಿಸಲು ಒಪ್ಪಿದರು. ಅದರ ಕೆಳಗೆ ನಿಲ್ಲಲು ಯಾರೂ ಒಪ್ಪಲಿಲ್ಲ.

೮. ಈ ಹಂತದಲ್ಲಿ, ಸ್ಥಳ ತನಿಖೆಗೆ ಕರೆಸಲಾಗಿದ್ದ ಶ್ರೀ ತಾರಾನಾಥರು ಬರ್ತಾ ಬಾಯಿಯವರ ಅಂಗಳದಲ್ಲಿ ಚಪ್ಪರಕ್ಕೆ ಕಂಬ ನೆಡುತ್ತಿರುವುದನ್ನು ಕಂಡು, ಯಾತಕ್ಕೆಂದು ಕೇಳಿ ತಿಳಿದು, ಹೀಗೆಂದರು: "ಛೆ! ರೋಸಿಗೆ ಅಂತ ನಮಗೆ ಯಾರೂ ಹೇಳ್ಲೇ ಇಲ್ಲ. ಕಾಯಿ ಕೊಯ್ಯಲಿ ಬಾಯಿ. ಮರ ಎಷ್ಟು ಬೇಕಾದರೂ ಮೇಲೆ ಹೋಗಲಿ. ನಾವು ಸೋತೆವು ಅಂತ ಬರ್ಕೊಳ್ಳಿ." ಆಕ್ಷೇಪ ಹಿಂತೆಗೆದುದನ್ನು ಅಂಗೀಕರಿಸಲಾಗಿದೆ. ಆದರೆ ಹಾರಿಸದೆ ಸೋಲಲು ನಿಯಮದಲ್ಲಿ ಅವಕಾಶವಿಲ್ಲ. ಕುಕ್ಕುಂದೂರಿನವರು ಭಾನುವಾರ ತಪ್ಪದೆ ಬಂದು, ರಾಕೆಟ್ ಹಾರಿಸಿ, ಕ್ರಮಪ್ರಕಾರ ಸೋಲತಕ್ಕದ್ದು. ಅವರ ರಾಕೆಟ್ ಹೆಚ್ಚು ಎತ್ತರ ಹೋದರೂ ಸೋತಿದೆ ಎಂದೇ ಬರೆಯಲಾಗುವುದು.

೯. ಶ್ರೀ ಚೆನ್ನಪ್ಪನವರು ಕತ್ತಿಯೊಂದಿಗೇ ಮರ ಹತ್ತುವುದು. ಕೊನೆಯ ರಾಕೆಟ್ಟಿನ ಎತ್ತರ ಕೂಗಿ ಹೇಳಿದ ಮೇಲೆ, ಇಳಿಯದೆ, ರೋಸಿಗೆ ಬೇಕಾದಷ್ಟು ಕಾಯಿ ಕೊಯ್ಯುವುದು. ಬೇಕಾದಷ್ಟು ಎಂದರೆ ಎಷ್ಟೆಂದು ಬರ್ತಾ ಬಾಯಿಯವರು ಕೆಳಗಿನಿಂದ ಹೇಳತಕ್ಕದ್ದು.

೧೦. ಮೇಲ್ಕಂಡ ಕಾರಣದಿಂದ ಕೆಮ್ಮಣ್ಣಿನ ಸಂಘದಿಂದ ಕುಕ್ಕುಂದೂರಿನ ಸಂಘಕ್ಕೆ ಒಂದು ಸೋಲು ಬಾಕಿ ಇರುತ್ತದೆ. ಈ ಬಾಕಿಯನ್ನು ಮುಂದಿನ ವರ್ಷಕ್ಕೆ ಮುಂದುವರಿಸಲಾಗಿದೆ. ಅದನ್ನು ಕೂಡಲೇ ತೀರಿಸುವುದಾಗಿ ಶ್ರೀ ರೊಸಾರಿಯೊ ಹೇಳಿದರಾದರೂ, ಒಂದೇ ಸ್ಪರ್ಧೆಯಲ್ಲಿ ಇಬ್ಬರೂ ಸೋಲುವುದು ಸ್ನೇಹಕ್ಕೆ ಸರಿ, ಕಡತಕ್ಕೆ ಸರಿಯಲ್ಲ ಎಂದು ತಿಳಿಸಲಾಗಿದೆ.

ಸಹಿ/-
(ಓದಲು ಬರುವುದಿಲ್ಲ)
ಎತ್ತರಗಳ ಪ್ರಭಾರ ಅಧಿಕಾರಿ

ಪ್ರತಿಗಳು:
೧. ಎರಡೂ ಸಂಘಗಳಿಗೆ. ರಾಕೆಟ್ ಸುತ್ತಲು ಈ ಕಾಗದವನ್ನು ಬಳಸಕೂಡದು.
೨. ಶ್ರೀ ಚೆನ್ನಪ್ಪನವರಿಗೆ. ಮರದ ಬುಡದಲ್ಲಿ ನಿಂತು ಗಟ್ಟಿಯಾಗಿ ಓದಿ ಹೇಳುವುದು.
೩. ಸದರಿ ಮರಕ್ಕೆ. ಮೊಳೆ ಹೊಡೆಯದೆ ಕಟ್ಟುವುದು.
೪. ಶ್ರೀಮತಿ ಬರ್ತಾ ಬಾಯಿಯವರಿಗೆ. ಕಚೇರಿಯ ಸಿಬ್ಬಂದಿಯನ್ನು ರೋಸಿಗೆ ಕರೆದ ಬಗ್ಗೆ ಪ್ರತ್ಯೇಕ ಉತ್ತರ ಕಳುಹಿಸಲಾಗುವುದು. ಸಿಬ್ಬಂದಿ ಅದಕ್ಕೆ ಮೊದಲೇ ಬರಲಿದ್ದಾರೆ.
೫. ಕುಮಾರಿ ಆನಿಯವರಿಗೆ. ಬುಧವಾರದೊಳಗೆ ಮುಟ್ಟಿಸುವುದು, ಅನಂತರ ವಿಳಾಸ ಬದಲಾಗುತ್ತದೆ.