ಔರಾದಿನ ಬಸ್ಸೂ ನನ್ನ ಸಮೀಕರಣವೂ

ಗಣಿತದಲ್ಲಿ ನಾನು ಎಂದೂ ಜಾಣನಾಗಿರಲಿಲ್ಲ. ಆದರೆ ಬೇರೆಯವರನ್ನು ಅಳೆಯುವ ಚಟಕ್ಕೆ ಗಣಿತ ಬೇಕಿಲ್ಲ. ಒಂದು ಸೂತ್ರ ಸಿಕ್ಕರೆ ಸಾಕು. ನನಗೂ ಒಂದು ಸಿಕ್ಕಿತು. ಬೀದರಿನ ಪಕ್ಕದ ಕೊಳಾರದ ನಮ್ಮ ಕಾರ್ಖಾನೆಗೆ ವ್ಯಕ್ತಿತ್ವ ವಿಕಸನದ ತರಬೇತುದಾರರೊಬ್ಬರು ಬಂದು, ಹಲಗೆಯ ಮೇಲೆ ‘ಬೆ = ಸಾ × ಛ − ಅ’ ಎಂದು ಬರೆದರು. ಸಾಮರ್ಥ್ಯವನ್ನು ಛಲದಿಂದ ಗುಣಿಸಿ ಅಡ್ಡಿಯನ್ನು ಕಳೆದರೆ ಬೆಳವಣಿಗೆಯಂತೆ. “ಪಗಾರ ಯಾವ ಅಕ್ಷರದಾಗ ಬರ್ತದರಿ ಸರ್?” ಎಂದು ಹಿಂದಿನಿಂದ ಯಾರೋ ಕೇಳಿದರು. “ಪಗಾರ ಬೆಳವಣಿಗೆಯ ನೆರಳು” ಎಂದರು ಅವರು. ನೆರಳು ಕೊಟ್ಟರೆ ಕಿರಾಣಿಯವನು ಸಕ್ಕರೆ ಕೊಡುವುದಿಲ್ಲ. ಆದರೂ ಜೋರಾಗಿ ಚಪ್ಪಾಳೆ ಹೊಡೆದೆವು. ಮುಂದಿನ ಸಾಲಿನಲ್ಲಿ ಮ್ಯಾನೇಜರ್ ಕೂತಿದ್ದರು.

ಅದೇ ವಾರ ನನ್ನ ಹೆಂಡತಿ ಶಶಿಕಲಾಗೆ ಬಡ್ತಿ ಬಂತು. ಬೀದರಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದವಳು ಔರಾದಿನಲ್ಲಿ ಮುಖ್ಯೋಪಾಧ್ಯಾಯಿನಿ. ಹೋಗುವುದೋ ಬಿಡುವುದೋ ಎಂದು ಅವಳು ಹೊಯ್ದಾಡುತ್ತಿದ್ದಳು. ನನಗೆ ಮಾತ್ರ ಬೆಳಗಿನ ಬಿಸಿ ರೊಟ್ಟಿಯ ಚಿಂತೆ. ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಸೂತ್ರ ಇದ್ದದ್ದು ಅನುಕೂಲವಾಯಿತು. ಮಗಳ ಸ್ಲೇಟಿನ ಮೇಲೆ ಬರೆದು, ತರಬೇತುದಾರರ ಗತ್ತಿನಲ್ಲೇ ಹೇಳಿದೆ: “ನೋಡು, ನಿನಗ ಸಾಮರ್ಥ್ಯ ಅದ, ಛಲಾನೂ ಅದ. ಆದರ ದಿನಾ ಔರಾದ್ ಬಸ್ಸು ಅಂದ್ರ ಭಾಳ ದೊಡ್ಡ ಅಡ್ಡಿ. ಕಳದ್ರ ಏನೂ ಉಳ್ಯಂಗಿಲ್ಲ.”

ಅವಳು ಸ್ಲೇಟನ್ನೇ ದಿಟ್ಟಿಸಿದಳು. “ಬಸ್ಸು ಹ್ಯಾಂಗ ಅಡ್ಡಿ ಆಗ್ತದರಿ? ಅದು ಔರಾದ್‌ಗೇ ಹೋಗ್ತದಲ್ಲ.”

“ಮತ್ತ ಅಡ್ಡಿ ಯಾವುದು?” ಎಂದೆ.

ಅವಳು ಸ್ಲೇಟು ಬಿಟ್ಟು ನನ್ನನ್ನೇ ನೋಡಿದಳು. ಮಗಳಿಗೆ ತಡೆಯಲಾಗಲಿಲ್ಲ. “ಮಮ್ಮಿ, ಪಪ್ಪಾನ್ನ ಕಳೀಬೇಕೇನು?”

“ಕಳ್ಯೋದು ಬ್ಯಾಡವಾ. ಅಡಗಿಮನಿಗಿ ಕಳಿಸಿದ್ರ ಸಾಕು.”

ಮುಂದಿನ ಸೋಮವಾರ ಅವಳು ಔರಾದಿನ ಬಸ್ಸು ಹತ್ತಿದಳು. ನಾನು ಹಿಟ್ಟು ನಾದಲು ಕೂತೆ. ನಾನು ಬಡಿದ ರೊಟ್ಟಿಗೆ ಯಾವ ಆಕಾರವೂ ಇರಲಿಲ್ಲ. ಮಗಳು ಶಾಲೆಯಲ್ಲಿ ಅದನ್ನು ಡಬ್ಬಿಯ ಮುಚ್ಚಳದ ಮರೆಯಲ್ಲಿ ತಿಂದು ಬಂದಳಂತೆ. ಸಂಜೆ ಶಶಿಕಲಾ ದಣಿದು ಬಂದಳು. ಆದರೆ ಚಹಾ ಕುಡಿಯುತ್ತ ಶಾಲೆಯ ಸುದ್ದಿ ಹೇಳತೊಡಗಿದಾಗ ಅವಳ ಮುಖದಲ್ಲಿದ್ದ ಕಳೆಯನ್ನು ನಾನು ಎಷ್ಟೋ ವರ್ಷಗಳಿಂದ ಕಂಡಿರಲಿಲ್ಲ. ಅದನ್ನು ಕಂಡು ಸಂತೋಷವಾಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮೊನ್ನೆ ಭಾಲ್ಕಿಯಲ್ಲಿ ಮಾವನವರು ನೆಂಟರೆದುರು ನನ್ನ ಬೆನ್ನು ತಟ್ಟಿದರು. “ಎಲ್ಲಾ ನಮ್ಮ ಅಳಿಯಂದ್ರ ಪ್ರೋತ್ಸಾಹ ನೋಡ್ರಿ!” ನಾನು ವಿನಯದಿಂದ ತಲೆ ತಗ್ಗಿಸಿದೆ.

“ಹೌದಪಾ,” ಎಂದಳು ಶಶಿಕಲಾ, “ಇವರು ಬ್ಯಾಡ ಅಂದ್ರು. ಅವತ್ತೇ ಹೋಗೋದು ಪಕ್ಕಾ ಮಾಡ್ದೆ.”

ಎಲ್ಲರೂ ನಕ್ಕರು. ನಾನು ತಗ್ಗಿಸಿದ ತಲೆಯನ್ನು ಎತ್ತಲೇ ಇಲ್ಲ. ದೂರದಿಂದ ನೋಡಿದವರಿಗೆ ಅದು ಈಗಲೂ ವಿನಯದಂತೆಯೇ ಕಾಣುತ್ತಿತ್ತು.